ಬಲಗಣ್ಣಿಗೆ ಬಿದ್ದ ಬೆಳಕು

ನೆಲಕ್ಕೆ ಸಣ್ಣ ಸಣ್ಣ ಹರಳುಕಲ್ಲುಗಳನ್ನು ಅಲುಗದಂತೆ ಅಂಟಿಸಿ, ಅವುಗಳ ನಡುವೆ ಹೆಚ್ಚುಕಡಿಮೆ ಅದೇ ಗಾತ್ರದ, ಅದೇ ಬಣ್ಣದ ಕಾಳು ಚೆಲ್ಲಿ, ಹಸಿದ ಕೋಳಿಮರಿಯೊಂದನ್ನು ಬಿಟ್ಟರೆ ಅದು ಮೊದಮೊದಲು ಕಂಡಿದ್ದನ್ನೆಲ್ಲ ಕುಕ್ಕುತ್ತದೆ. ಕಾಳು ಕೊಕ್ಕಿಗೆ ಸಿಗುತ್ತದೆ, ಕಲ್ಲು ಜಗ್ಗುವುದಿಲ್ಲ. ನೋಡುತ್ತಿದ್ದಂತೆಯೇ ಮರಿಗೆ ಎರಡರ ವ್ಯತ್ಯಾಸ ತಿಳಿಯತೊಡಗುತ್ತದೆ. ಪ್ರಯೋಗ ಮಾಡುವವರು ಒಟ್ಟು 60 ಕುಕ್ಕುಗಳನ್ನು ಎಣಿಸುತ್ತಾರೆ. ಕೊನೆಯ 20ರಲ್ಲಿ ಕಲ್ಲಿಗೆ ಬಿದ್ದವು ಎಷ್ಟು ಎಂಬುದು ಮರಿ ಎಷ್ಟು ಕಲಿಯಿತು ಎಂಬುದರ ಅಳತೆ. ಎಡಗಣ್ಣಿಗೆ ಪಟ್ಟಿ ಹಾಕಿ ಬರೀ ಬಲಗಣ್ಣಿನಿಂದ ನೋಡುವಂತೆ ಮಾಡಿದರೆ ಮರಿ ಬೇಗನೆ ಕಲಿಯುತ್ತದೆ. ಬಲಗಣ್ಣನ್ನು ಮುಚ್ಚಿ ಎಡಗಣ್ಣನ್ನಷ್ಟೇ ಬಿಟ್ಟರೆ ಅದೇ ಮರಿ ಕಲ್ಲನ್ನು ಕುಕ್ಕುತ್ತಲೇ ಇರುತ್ತದೆ.

ಹಾಗೆಂದು ಬಲಗಣ್ಣು ಜಾಣ, ಎಡಗಣ್ಣು ಮಂಕು ಎನ್ನುವಂತಿಲ್ಲ. ನೆತ್ತಿಯ ಮೇಲೆ ಹದ್ದಿನ ಆಕಾರ ಸುಳಿದಾಗ, ಕಂಡರಿಯದ ವಸ್ತು ಎದುರಾದಾಗ, ಪಕ್ಕದಲ್ಲಿರುವ ಮರಿ ತನ್ನ ಗುಂಪಿನದೋ ಬೇರೆಯದೋ ಎಂದು ಗುರುತಿಸಬೇಕಾದಾಗ ಎಡಗಣ್ಣಿನದೇ ಮೇಲುಗೈ. ಹಕ್ಕಿಯ ಕಣ್ಣಿನಿಂದ ಹೊರಟ ದೃಷ್ಟಿನರ ಬಹುಮಟ್ಟಿಗೆ ಪೂರ್ತಿಯಾಗಿ ಎದುರು ಬದಿಗೆ ದಾಟಿಹೋಗುತ್ತದೆ. ಬಲಗಣ್ಣು ಕಂಡದ್ದು ಮಿದುಳಿನ ಎಡ ಅರ್ಧಕ್ಕೆ, ಎಡಗಣ್ಣು ಕಂಡದ್ದು ಬಲ ಅರ್ಧಕ್ಕೆ. ಮನುಷ್ಯರ ಮಿದುಳಿನಲ್ಲಿ ಎರಡೂ ಅರ್ಧಗಳನ್ನು ಬೆಸೆಯುವ ದಪ್ಪನೆಯ ನರಸೇತುವೆಯೊಂದು ಇದೆ. ಹಕ್ಕಿಗಳಿಗೆ ಅದಿಲ್ಲ, ಇರುವುದು ಕೆಲವು ಸಣ್ಣ ಸಂಪರ್ಕಗಳು ಮಾತ್ರ. ಆದ್ದರಿಂದ ಒಂದು ಕಣ್ಣಿಗೆ ಪಟ್ಟಿ ಹಾಕಿದರೆ ಮಿದುಳಿನ ಒಂದು ಅರ್ಧವನ್ನು ಬೇರೆ ಕೂರಿಸಿಕೊಂಡು ಪ್ರಶ್ನೆ ಕೇಳಿದಂತಾಗುತ್ತದೆ. ಕೇಳಿದಾಗ ಸಿಕ್ಕ ಉತ್ತರ ಇದು: ಎಡ ಅರ್ಧದ್ದು ವಿಂಗಡಿಸುವ ಕೆಲಸ, ಬಲ ಅರ್ಧದ್ದು ಎಚ್ಚರದ ಕೆಲಸ.

ಇಲ್ಲಿಯವರೆಗಿನದು ಒಂದು ಕೌತುಕ. ಇನ್ನೂ ದೊಡ್ಡ ಕೌತುಕ ಮುಂದಿದೆ. ಇಪ್ಪತ್ತೊಂದು ದಿನವೂ ಒಂದಿಷ್ಟೂ ಬೆಳಕು ತಾಗದಂತೆ ಕಾವು ಕೊಟ್ಟ ಮೊಟ್ಟೆಗಳಿಂದ ಮರಿ ಮಾಡಿಸಿ ಇದೇ ಕಾಳು–ಕಲ್ಲಿನ ಪರೀಕ್ಷೆಗೆ ಬಿಟ್ಟರೆ ಎರಡು ಕಣ್ಣುಗಳ ನಡುವೆ ವ್ಯತ್ಯಾಸವೇ ಕಾಣುವುದಿಲ್ಲ. ತಳಿ ಅದೇ, ಮೇವು ಅದೇ, ಶಾಖ ಅದೇ. ಬೇರೆಯಾದದ್ದು ಒಂದೇ: ಹೊರಬರುವ ಮುಂಚಿನ ಎರಡು ಮೂರು ದಿನಗಳಲ್ಲಿ ಚಿಪ್ಪಿನ ಮೂಲಕ ಒಳಗೆ ಇಳಿಯಬೇಕಿದ್ದ ಬೆಳಕು.

ಮೊಟ್ಟೆಯೊಳಗೆ ಆ ಕೊನೆಯ ದಿನಗಳು ತೀರ ಇಕ್ಕಟ್ಟಿನವು. ಕೋಳಿಮೊಟ್ಟೆಗೆ 21 ದಿನದ ಕಾವು. ಹದಿನೇಳನೆಯ ದಿನದ ಹೊತ್ತಿಗೆ ಭ್ರೂಣ ಚಿಪ್ಪಿನ ತುಂಬ ತುಂಬಿಕೊಂಡು ಮೈ ಮಡಚಿ ಒಂದು ಭಂಗಿಗೆ ಬಂದಿರುತ್ತದೆ. ತಲೆ ಬಲಕ್ಕೆ ತಿರುಗಿ ಬಲರೆಕ್ಕೆಯ ಕೆಳಗೆ ಸೇರಿರುತ್ತದೆ. ಕೊಕ್ಕು ಮೊಟ್ಟೆಯ ದಪ್ಪ ತುದಿಯ ಗಾಳಿಗೂಡಿನ ಕಡೆಗಿರುತ್ತದೆ. ಈ ಭಂಗಿಯಲ್ಲಿ ಎಡಗಣ್ಣು ಮೈಗೆ ಒತ್ತಿಕೊಂಡು ಮುಚ್ಚಿಹೋಗುತ್ತದೆ. ಬಲಗಣ್ಣು ಚಿಪ್ಪಿನ ಕಡೆಗೆ ಮುಖ ಮಾಡಿರುತ್ತದೆ. ಕಣ್ಣಿನಿಂದ ಮಿದುಳಿಗೆ ಹೋಗುವ ಹಾದಿ ಕೆಲಸಕ್ಕೆ ಸಜ್ಜಾಗುವುದೂ ಸರಿಯಾಗಿ ಇದೇ ದಿನಗಳಲ್ಲಿ. ಚಿಪ್ಪು, ಪೊರೆ ಎರಡನ್ನೂ ದಾಟಿ ಬರುವ ಮಬ್ಬು ಬೆಳಕು ಬಲಗಣ್ಣನ್ನು ತಲುಪುತ್ತದೆ, ಎಡಗಣ್ಣಿಗೆ ಅದು ಸಿಗುವುದಿಲ್ಲ. ಒಂದು ಹಾದಿಯಲ್ಲಿ ಸಂಚಾರ ಶುರುವಾಗಿದೆ, ಇನ್ನೊಂದರಲ್ಲಿ ಇಲ್ಲ. ಮಿದುಳಿನ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ: ಬಳಕೆಯಾದ ನರಹಾದಿ ಬಲಗೊಳ್ಳುತ್ತದೆ, ಕವಲೊಡೆಯುತ್ತದೆ.

ಇದನ್ನು ಹೊರಗೆಡವಿದವರು ಆಸ್ಟ್ರೇಲಿಯಾದ ನರವಿಜ್ಞಾನಿ ಲೆಸ್ಲಿ ರೋಜರ್ಸ್. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಆಂಡ್ರೂ ಅವರ ಬಳಿ ಕೋಳಿಮರಿಗಳ ನಡವಳಿಕೆಯ ಮೇಲೆ ಸಂಶೋಧನೆ ಮಾಡಿ ಊರಿಗೆ ಮರಳಿದ ಅವರು 1970ರ ದಶಕದ ಕೊನೆಯಲ್ಲಿ ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದಲ್ಲಿದ್ದರು. ಆ ಕಾಲದಲ್ಲಿ ಮಿದುಳಿನ ಎಡ–ಬಲ ಹಂಚಿಕೆ ಎಂದರೆ ಮನುಷ್ಯನಿಗೆ ಮೀಸಲಾದ ಸಂಗತಿ ಎಂಬ ನಂಬಿಕೆ ಬಲವಾಗಿತ್ತು. ಅದಕ್ಕೆ ಕಾರಣವೂ ಇತ್ತು. 1861ರಲ್ಲಿ ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ ಮಾತು ಕಳೆದುಕೊಂಡ ರೋಗಿಯ ಮಿದುಳಿನ ಎಡಭಾಗದಲ್ಲಿ ಗಾಯವನ್ನು ತೋರಿಸಿದಾಗಿನಿಂದ ಈ ಹಂಚಿಕೆಯನ್ನು ಭಾಷೆಗೆ, ಬಲಗೈ ಬಳಕೆಗೆ, ಕೊನೆಗೆ ಮನುಷ್ಯನ ಹೆಚ್ಚುಗಾರಿಕೆಗೇ ಗಂಟು ಹಾಕಲಾಗಿತ್ತು. 1970ರ ದಶಕದ ಆರಂಭದಲ್ಲಿ ಫೆರ್ನಾಂಡೊ ನೊಟ್ಟೆಬೋಮ್ ಅವರು ಹಾಡುಹಕ್ಕಿಗಳಲ್ಲಿ ಹಾಡಿನ ಹಿಡಿತ ಎಡಬದಿಯ ನರಗಳಲ್ಲಿ ಹೆಚ್ಚೆಂದು ತೋರಿಸಿದರೂ ಅದನ್ನು ಒಂದು ಅಪವಾದವೆಂದು ಬದಿಗಿಟ್ಟವರು ಬಹಳ.

ರೋಜರ್ಸ್ ಮಾಡಿದ್ದು ಹೀಗೆ. ಹುಟ್ಟಿದ ಎರಡನೆಯ ದಿನ ಮರಿಯ ಮಿದುಳಿನ ಒಂದು ಅರ್ಧಕ್ಕೆ ಮಾತ್ರ ಸೈಕ್ಲೊಹೆಕ್ಸಿಮೈಡ್ ಎಂಬ ಮದ್ದು ಕೊಟ್ಟರು. ಜೀವಕೋಶಗಳು ಪ್ರೋಟೀನು ತಯಾರಿಸುವುದನ್ನು ಇದು ಸ್ವಲ್ಪ ಕಾಲ ತಡೆಯುತ್ತದೆ. ಎಡ ಅರ್ಧಕ್ಕೆ ಕೊಟ್ಟಾಗ ಮರಿಗಳು ಕಾಳು–ಕಲ್ಲಿನ ಪರೀಕ್ಷೆಯಲ್ಲಿ ಸೋತವು. ಬಲ ಅರ್ಧಕ್ಕೆ ಕೊಟ್ಟಾಗ ಏನೂ ಆಗಲಿಲ್ಲ. ಈ ಫಲಿತಾಂಶ 1979ರಲ್ಲಿ ಪ್ರಕಟವಾಯಿತು. ಮಾತಿಲ್ಲದ, ಕೈಯಿಲ್ಲದ ಕೋಳಿಮರಿಯಲ್ಲೂ ಎಡ ಬೇರೆ, ಬಲ ಬೇರೆ!

ಹಾಗಾದರೆ ಈ ಹಂಚಿಕೆ ಬಂದದ್ದೆಲ್ಲಿಂದ? ಸಹಜವಾಗಿ ಎಲ್ಲರ ಬೆರಳೂ ವಂಶವಾಹಿಗಳ ಕಡೆ ಹೋಗುತ್ತಿತ್ತು. ರೋಜರ್ಸ್ ಅವರ ಗಮನ ಹೋದದ್ದು ಮೊಟ್ಟೆಯೊಳಗೆ ಮರಿ ಮಲಗುವ ರೀತಿಯ ಕಡೆಗೆ. ಕೋಳಿಭ್ರೂಣದ ಬೆಳವಣಿಗೆಯನ್ನು ಓದಿದವರಿಗೆ ಆ ಭಂಗಿ ಹಳೆಯ ವಿಷಯ. ಮಿದುಳಿನ ಪ್ರಶ್ನೆಗೆ ಅದನ್ನು ಜೋಡಿಸಿದ್ದು ಹೊಸತು. ಮೊಟ್ಟೆಗಳನ್ನು ಎರಡು ಪಾಲು ಮಾಡಿ ಒಂದು ಪಾಲಿಗೆ ಕೊನೆಯ ದಿನಗಳಲ್ಲಿ ಬೆಳಕು, ಇನ್ನೊಂದಕ್ಕೆ ಪೂರ್ತಿ ಕತ್ತಲು. 1982ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅವರ ಪ್ರಬಂಧ ಬೆಳಕಿಗೂ ಕೋಳಿಯ ಮಿದುಳಿನ ಎಡ–ಬಲ ಹಂಚಿಕೆಗೂ ಇರುವ ನಂಟನ್ನು ಮೊದಲ ಸಲ ಮುಂದಿಟ್ಟಿತು. ಮುಂದಿನ ವರ್ಷಗಳಲ್ಲಿ ಲೆಕ್ಕ ಇನ್ನಷ್ಟು ಖಚಿತವಾಯಿತು. ಹತ್ತೊಂಬತ್ತನೆಯ ದಿನದ ಆಸುಪಾಸಿನಲ್ಲಿ ಎರಡು ಮೂರು ಗಂಟೆಯ ಬೆಳಕು ಸಾಕು. ಅಷ್ಟರಿಂದಲೇ ಮಿದುಳು ಒಂದು ಕಡೆಗೆ ವಾಲುತ್ತದೆ.

ಅನುಮಾನಕ್ಕೆ ಇನ್ನೂ ಒಂದು ಎಡೆಯಿತ್ತು. ಬಹುಶಃ ಎಡ ಅರ್ಧವೇ ಮೊದಲಿನಿಂದಲೂ ಆ ಕೆಲಸಕ್ಕೆ ನೇಮಕವಾಗಿದ್ದು, ಬೆಳಕು ಬರೀ ಅದನ್ನು ಎಬ್ಬಿಸುತ್ತಿರಬಹುದಲ್ಲವೇ? 1990ರಲ್ಲಿ ರೋಜರ್ಸ್ ಇದಕ್ಕೂ ಉತ್ತರ ಕೊಟ್ಟರು. ಹೊರಬರಲು ಒಂದೆರಡು ದಿನ ಇರುವಾಗ ಚಿಪ್ಪಿನ ತುದಿ ಬಿಡಿಸಿ, ಭ್ರೂಣದ ತಲೆಯನ್ನು ಮೆಲ್ಲಗೆ ಹೊರಕ್ಕೆ ತಂದು, ಬಲಗಣ್ಣಿಗೆ ಪಟ್ಟಿ ಹಾಕಿ ಎಡಗಣ್ಣಿಗೆ ಬೆಳಕು ತೋರಿಸಿದರು. ಆ ಮರಿಗಳಲ್ಲಿ ಹಂಚಿಕೆ ತಿರುವುಮುರುವಾಯಿತು! ಕಾಳು ಗುರುತಿಸುವ ಜಾಣತನ ಎಡಗಣ್ಣಿಗೆ ಬಂತು. ಬಹಳ ನಾಜೂಕಿನ ಈ ಪ್ರಯೋಗವನ್ನು ಈ ಕ್ಷೇತ್ರದಲ್ಲಿ ಎಲ್ಲಕ್ಕಿಂತ ಕಣ್ತೆರೆಸುವ ಪ್ರಯೋಗವೆನ್ನಬೇಕು; ಯಾವ ಅರ್ಧಕ್ಕೆ ಯಾವ ಕೆಲಸ ಎಂಬುದು ಇಷ್ಟು ಮಟ್ಟಿಗೆ ತೆರೆದಿರುತ್ತದೆ ಎಂದು ಅದಕ್ಕೆ ಮುಂಚೆ ಯಾರೂ ತೋರಿಸಿರಲಿಲ್ಲ.

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಮಾತಿದೆ. ಕೋಳಿಮರಿಯ ಪ್ರಸಂಗದಲ್ಲಿ ಆ ಹುಟ್ಟುಗುಣದ ಒಂದು ಪಾಲು ಹುಟ್ಟಿಗೆ ಎರಡು ದಿನ ಮುಂಚೆ ಬಿಸಿಲಿನಿಂದ ಬಂದದ್ದು. ವಂಶವಾಹಿಗಳ ಪಾತ್ರ ಇಲ್ಲವೆಂದಲ್ಲ. ಭ್ರೂಣದ ತಲೆ ಬಲಕ್ಕೆ ತಿರುಗುವುದು ಬಹಳ ಮುಂಚಿನ ಬೆಳವಣಿಗೆಯಲ್ಲೇ ಗೊತ್ತಾಗುತ್ತದೆ. ಹೃದಯ ಎಡಕ್ಕೆ ವಾಲುವಂತೆ ಮಾಡುವ ವ್ಯವಸ್ಥೆಗೇ ಅದೂ ಸೇರಿದ್ದು. ವಂಶವಾಹಿಗಳು ತಲೆಯನ್ನು ತಿರುಗಿಸಿ ಸುಮ್ಮನಾಗುತ್ತವೆ, ಉಳಿದದ್ದನ್ನು ಬೆಳಕು ಮಾಡುತ್ತದೆ. ಇದರಲ್ಲಿ ತಾಯಿಕೋಳಿಗೂ ಕೈಯಿದೆ. ಕಾವಿಗೆ ಕೂತ ಹೇಂಟೆ ಮೇವಿಗೆಂದೋ ನೀರಿಗೆಂದೋ ಎದ್ದು ಹೋಗುವುದು, ಕೊಕ್ಕಿನಿಂದ ಮೊಟ್ಟೆಗಳನ್ನು ತಿರುವಿ ಹಾಕುವುದು ಹಳ್ಳಿಯಲ್ಲಿ ನಾಟಿಕೋಳಿ ಸಾಕಿದವರೆಲ್ಲ ಕಂಡದ್ದೇ. ಅದು ಎದ್ದು ಹೋದ ಹೊತ್ತಿನಲ್ಲಿ ಮೊಟ್ಟೆಗಳ ಮೇಲೆ ಬೆಳಕು ಬೀಳುತ್ತದೆ. ಸಾವಿರಾರು ತಲೆಮಾರುಗಳಿಂದ ಪ್ರತಿ ಮೊಟ್ಟೆಗೂ ತಪ್ಪದೆ ಸಿಗುತ್ತ ಬಂದ ಇಂಥ ಅನುಭವವನ್ನು ಆನುವಂಶಿಕತೆಯ ಲೆಕ್ಕದಿಂದ ಹೊರಗಿಡುವುದು ಸರಿಯಲ್ಲ. ಮರಿಗೆ ತಾಯಿಯಿಂದ ಬರುವುದು ವಂಶವಾಹಿ ಮಾತ್ರವಲ್ಲ, ಅವಳ ಏಳುವ–ಕೂರುವ ಕ್ರಮವೂ ಹೌದು.

ಇಷ್ಟೆಲ್ಲ ಆಗಿ ಮರಿಗೆ ಸಿಕ್ಕ ಲಾಭವೇನು? ಪ್ರಯೋಗಾಲಯದ ಕಾಳು–ಕಲ್ಲಿನಾಟದಲ್ಲಿ ಒಂದು ಕಣ್ಣು ಮುಂದಿದ್ದರೆ ಬಯಲಲ್ಲಿ ಅದರಿಂದ ಬದುಕು ಹೆಚ್ಚುತ್ತದೆಯೇ? ಈ ಪ್ರಶ್ನೆಯನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದ್ದು 2004ರಲ್ಲಿ, ರೋಜರ್ಸ್ ಮತ್ತು ಇಟಲಿಯ ಪಾವೊಲೊ ಝುಕ್ಕಾ, ಜಾರ್ಜಿಯೊ ವಲ್ಲೊರ್ಟಿಗಾರಾ ಸೇರಿ ಮಾಡಿದ ಪ್ರಯೋಗ. ಬೆಳಕು ಕಂಡ ಮರಿಗಳು, ಕತ್ತಲೆಯ ಮರಿಗಳು ಎರಡೂ ಕಾಳು ಹುಡುಕುತ್ತಿರುವಾಗ ತಲೆಯ ಮೇಲೆ ಬೇಟೆಹಕ್ಕಿಯ ಆಕಾರವೊಂದನ್ನು ಹಾಯಿಸಿದರು. ಮೇವೂ ಆಗಬೇಕು, ಜೀವವೂ ಉಳಿಯಬೇಕು. ಬಯಲಲ್ಲಿ ಮೇಯುವ ಮರಿಯ ನಿತ್ಯದ ಪಾಡೇ ಇದು. ಬೆಳಕು ಕಂಡ ಮರಿಗಳು ಎರಡನ್ನೂ ನಿಭಾಯಿಸಿದವು: ಮೇಲಿನ ಹದ್ದನ್ನು ಗಮನಿಸುತ್ತಲೇ ಕಲ್ಲು ಬಿಟ್ಟು ಕಾಳು ಕುಕ್ಕುವುದನ್ನು ಕಲಿತವು. ಕತ್ತಲೆಯ ಮರಿಗಳು ಎರಡರಲ್ಲೂ ಹಿಂದೆ ಬಿದ್ದವು. ಹದ್ದಿನ ಕಡೆ ಗಮನ ಹರಿದಂತೆಲ್ಲ ಕಲ್ಲು ಕುಕ್ಕುವುದು ಅವುಗಳಲ್ಲಿ ಹೆಚ್ಚಾಯಿತು.

ಮನೆಯಲ್ಲಿ ಒಬ್ಬರು ಒಲೆ ಮುಂದೆ, ಇನ್ನೊಬ್ಬರು ಬಾಗಿಲ ಬಳಿ ಎಂದು ಕೆಲಸ ಹಂಚಿಕೊಂಡರೆ ಅನ್ನವೂ ಸೀಯುವುದಿಲ್ಲ, ಬಂದವರೂ ಕಾಯುವುದಿಲ್ಲ. ಇಬ್ಬರೂ ಎರಡಕ್ಕೂ ಓಡಿದರೆ ಎರಡೂ ಕೆಡುತ್ತವೆ. ಮರಿಯ ಮಿದುಳಿನಲ್ಲಿ ನಡೆದದ್ದೂ ಇದೇ. ಮಿದುಳು ಅಷ್ಟೇ ದೊಡ್ಡದು, ನರಕೋಶಗಳು ಅಷ್ಟೇ. ಆದರೂ ಹಂಚಿಕೆ ಇದ್ದಲ್ಲಿ ಎರಡು ಕೆಲಸ ಏಕಕಾಲಕ್ಕೆ ಸಾಗುತ್ತವೆ.

ಗುಂಪಿನ ಬದುಕಿನಲ್ಲೂ ಇದರ ಗುರುತು ಕಾಣುತ್ತದೆ. ಕೋಳಿಗಳಲ್ಲಿ ಯಾರು ಮೊದಲು ಮೇಯಬೇಕು, ಯಾರು ಯಾರಿಗೆ ದಾರಿ ಬಿಡಬೇಕು ಎಂಬ ಮೇಲು–ಕೀಳಿನ ಸರದಿ ಇರುತ್ತದೆ. ರೋಜರ್ಸ್ ಮತ್ತು ಲ್ಯಾನ್ಸ್ ವರ್ಕ್‌ಮನ್ 1989ರಲ್ಲಿ ವರದಿ ಮಾಡಿದಂತೆ, ಬೆಳಕು ಕಂಡ ಮೊಟ್ಟೆಗಳ ಮರಿಗಳ ಗುಂಪಿನಲ್ಲಿ ಈ ಸರದಿ ಹೆಚ್ಚು ಸ್ಥಿರ. ಕತ್ತಲೆಯಲ್ಲಿ ಬೆಳೆದವುಗಳ ಗುಂಪಿನಲ್ಲಿ ಅದು ಆಗಾಗ ಅದಲುಬದಲಾಗುತ್ತಿತ್ತು. ಒಂದೊಂದು ಮರಿಯ ಕಣ್ಣಿಗೆ ಬಿದ್ದ ಕೆಲವು ಗಂಟೆಯ ಬೆಳಕು ಇಡೀ ಗುಂಪಿನ ಶಿಸ್ತಿನಲ್ಲಿ ಹೀಗೆ ಮೇಲೆದ್ದು ಬಂತು. ಒಂದು ಸಂತತಿಯ ಎಲ್ಲ ಮರಿಗಳೂ ಒಂದೇ ದಿಕ್ಕಿಗೆ ವಾಲುವುದರ ಅರ್ಥವನ್ನು ವಲ್ಲೊರ್ಟಿಗಾರಾ ಮುಂತಾದವರು ಹುಡುಕುತ್ತಿರುವುದು ಇಲ್ಲಿಯೇ. ಒಂಟಿ ಜೀವಿಗೆ ಹಂಚಿಕೆ ಇದ್ದರೆ ಸಾಕು, ಅದು ಎಡವಾದರೇನು ಬಲವಾದರೇನು. ನಾಲ್ವರ ನಡುವೆ ಬಾಳುವ ಜೀವಿಗೆ ತನ್ನ ಜೊತೆಗಾರರು ಯಾವ ಬದಿಯಿಂದ ಹೇಗೆ ನಡೆದುಕೊಳ್ಳುತ್ತಾರೆ ಎಂಬ ಅಂದಾಜೂ ಬೇಕು.

ಕೋಳಿಮರಿ ಹುಟ್ಟಿದ ದಿನವೇ ಕಣ್ಣು ಬಿಟ್ಟು ಓಡಾಡುವ ಜಾತಿ. ಹುಟ್ಟಿದಾಗ ಕಣ್ಣು ಮುಚ್ಚಿಕೊಂಡೇ ಇರುವ, ತಾಯ್ತಂದೆಯರ ಗಂಟಲಿನ ಹಾಲುಣ್ಣುವ ಪಾರಿವಾಳದ ಮರಿಯಲ್ಲಿ ಏನಾಗುತ್ತದೆ? ಈ ಪ್ರಶ್ನೆಯನ್ನು ಜೀವನದುದ್ದಕ್ಕೂ ಹಿಡಿದು ಹೊರಟವರು ಟರ್ಕಿಯ ಇಜ್ಮಿರ್‌ನಲ್ಲಿ ಹುಟ್ಟಿ ಜರ್ಮನಿಯ ಬೋಖುಮ್‌ನ ರೂರ್ ವಿಶ್ವವಿದ್ಯಾಲಯದಲ್ಲಿ ನೆಲೆನಿಂತ ಓನೂರ್ ಗ್ಯುಂಟ್ಯುರ್ಕ್ಯೂನ್. ಪಾರಿವಾಳಗಳೂ ಕಾಳನ್ನು ಕಲ್ಲಿನಿಂದ ಬೇರ್ಪಡಿಸುವುದು ಬಲಗಣ್ಣಿನಿಂದಲೇ ಚೆನ್ನಾಗಿ. ಅವುಗಳ ನೆನಪಿನ ಶಕ್ತಿಯೂ ಬೆರಗು ಹುಟ್ಟಿಸುವಂಥದು. 1990ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪಾರಿವಾಳಗಳಿಗೆ 725 ಬಗೆಯ ಆಕೃತಿಗಳನ್ನು ತೋರಿಸಿ, ಅವುಗಳಲ್ಲಿ 100ನ್ನು ಕುಕ್ಕಿದರೆ ಮಾತ್ರ ಕಾಳು ಎಂದು ಕಲಿಸಲಾಗಿತ್ತು. ಹಕ್ಕಿಗಳು ಕಲಿತವು. ಬಲಗಣ್ಣಿನಿಂದ ನೋಡಿದಾಗ ಆ ನೂರನ್ನು ಆರಿಸುವುದರಲ್ಲಿ ಅವು ಎಡಗಣ್ಣಿಗಿಂತ ಬಹಳ ಮುಂದಿದ್ದವು.

ಪಾರಿವಾಳದ ಭ್ರೂಣವೂ ಮೊಟ್ಟೆಯಲ್ಲಿ ತಲೆಯನ್ನು ಬಲಕ್ಕೇ ತಿರುಗಿಸಿ ಮಲಗುತ್ತದೆ. ಕತ್ತಲೆಯಲ್ಲಿ ಕಾವು ಕೊಟ್ಟರೆ ಅಲ್ಲಿಯೂ ಬಲಗಣ್ಣಿನ ಮೇಲುಗೈ ಇಲ್ಲವಾಗುತ್ತದೆ. ಆದರೆ ಕೋಳಿಗೂ ಪಾರಿವಾಳಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಹಕ್ಕಿಯ ಕಣ್ಣಿನಿಂದ ಮುಮ್ಮಿದುಳಿಗೆ ಎರಡು ಹಾದಿಗಳಿವೆ. ಕೋಳಿಮರಿಯಲ್ಲಿ ಬೆಳಕಿನ ಗುರುತು ಬೀಳುವುದು ಅವುಗಳಲ್ಲಿ ಒಂದರ ಮೇಲೆ, ಪಾರಿವಾಳದಲ್ಲಿ ಇನ್ನೊಂದರ ಮೇಲೆ. ಕೋಳಿಮರಿಯ ನರಹಾದಿಯಲ್ಲಿ ಕಂಡ ಎಡ–ಬಲ ವ್ಯತ್ಯಾಸ ಸುಮಾರು ಮೂರು ವಾರಗಳಲ್ಲಿ ಮಾಸಿಹೋಗುತ್ತದೆ. ಪಾರಿವಾಳದಲ್ಲಿ ಅದು ದೊಡ್ಡದಾದ ಮೇಲೂ ಉಳಿಯುತ್ತದೆ. ಇನ್ನೂ ಒಂದು ವಿಶೇಷ: ಪಾರಿವಾಳದ ಮರಿಯ ಕಣ್ಣು ತಡವಾಗಿ ಬಲಿಯುವುದರಿಂದ ತಿದ್ದುಪಡಿಯ ಅವಕಾಶ ಹುಟ್ಟಿದ ಮೇಲೂ ತೆರೆದಿರುತ್ತದೆ. ಬೋಖುಮ್‌ನಲ್ಲಿ ಮಾರ್ಟಿನಾ ಮಾನ್ಸ್ ಮತ್ತು ಗ್ಯುಂಟ್ಯುರ್ಕ್ಯೂನ್ ಹುಟ್ಟಿದ ಮರಿಗಳ ಬಲಗಣ್ಣನ್ನು ಮೊದಲ ಹತ್ತು ದಿನ ಮುಚ್ಚಿಟ್ಟು ಬೆಳೆಸಿದರು. ಆ ಹಕ್ಕಿಗಳು ದೊಡ್ಡವಾದ ಮೇಲೆ ನೋಡಿದರೆ ಅವುಗಳಲ್ಲಿ ಎಡಗಣ್ಣೇ ಮುಂದಾಗಿತ್ತು, ನರಕೋಶಗಳ ಗಾತ್ರದ ಲೆಕ್ಕವೂ ಅದಕ್ಕೆ ತಕ್ಕಂತೆ ತಿರುಗಿತ್ತು.

ಬೋಖುಮ್‌ನಿಂದಲೇ ಬಂದ, 2012ರಲ್ಲಿ ಪ್ರಕಟವಾದ ಇನ್ನೊಂದು ಫಲಿತಾಂಶ ವಿಷಯವನ್ನು ಇನ್ನೂ ಆಳಕ್ಕೆ ಒಯ್ಯುತ್ತದೆ. ಮಾನ್ಸ್ ಮತ್ತು ಯೂಲಿಯಾನೆ ರ‍್ಯೋಮ್ಲಿಂಗ್ ಪಾರಿವಾಳದ ಒಂದೊಂದು ಕಣ್ಣಿಗೂ ಬೇರೆ ಬೇರೆ ಪಾಠ ಕಲಿಸಿದರು. ಬಣ್ಣಗಳ ಒಂದು ಸರಣಿಯ ಅರ್ಧ ಒಂದು ಕಣ್ಣಿಗೆ ಗೊತ್ತು, ಉಳಿದರ್ಧ ಇನ್ನೊಂದಕ್ಕೆ. ಎರಡನ್ನೂ ಕೂಡಿಸಿದರೆ ಮಾತ್ರ ಬಿಡಿಸಬಲ್ಲ ಒಗಟನ್ನು ಮುಂದಿಟ್ಟಾಗ, ಬೆಳಕು ಕಂಡ ಮೊಟ್ಟೆಗಳಿಂದ ಬಂದ ಪಾರಿವಾಳಗಳು ಬಿಡಿಸಿದವು. ಕತ್ತಲೆಯ ಮೊಟ್ಟೆಗಳಿಂದ ಬಂದವುಗಳಿಂದ ಆಗಲಿಲ್ಲ. ಅಂದರೆ ಬೆಳಕು ಎರಡು ಅರ್ಧಗಳನ್ನು ಬೇರೆ ಬೇರೆ ಮಾಡಿ ಕೈಬಿಡುವುದಿಲ್ಲ, ಅವು ಒಂದಕ್ಕೊಂದು ಮಾತಾಡಿಕೊಳ್ಳುವುದನ್ನೂ ಕಲಿಸುತ್ತದೆ. ಈ ಇಡೀ ಕಥೆಯಲ್ಲಿ ಹೆಚ್ಚು ಗಮನಕ್ಕೆ ಅರ್ಹವಾದದ್ದು ಈ ಅಂಶವೇ. ಎಡ ಮಿದುಳು, ಬಲ ಮಿದುಳು ಎಂದು ಮನುಷ್ಯರನ್ನೂ ಎರಡು ಪಂಗಡ ಮಾಡಿ ಮಾರುವ ಪುಸ್ತಕಗಳು, ತರಬೇತಿಗಳು ಬೇಕಾದಷ್ಟಿವೆ. ಹಕ್ಕಿಗಳು ಹೇಳುತ್ತಿರುವುದು ಬೇರೆಯೇ: ಹಂಚಿಕೆ ಮತ್ತು ಹೊಂದಾಣಿಕೆ ಒಟ್ಟೊಟ್ಟಿಗೆ ಬೆಳೆಯುತ್ತವೆ.

ಮನುಷ್ಯರ ವಿಷಯ ಬಂದದ್ದರಿಂದ ಇಲ್ಲೊಂದು ಚಿಕ್ಕ ಸಂಗತಿ. ತಾಯಿಯ ಗರ್ಭದ ಕೊನೆಯ ವಾರಗಳಲ್ಲಿ ಮನುಷ್ಯ ಶಿಶುವೂ ತಲೆಯನ್ನು ಹೆಚ್ಚಾಗಿ ಬಲಕ್ಕೆ ತಿರುಗಿಸುತ್ತದೆ. ದೊಡ್ಡವರಾದ ಮೇಲೂ ಇದು ಉಳಿಯುತ್ತದೆಯೇ ಎಂದು ನೋಡಲು ಗ್ಯುಂಟ್ಯುರ್ಕ್ಯೂನ್ ಅಮೆರಿಕ, ಜರ್ಮನಿ, ಟರ್ಕಿಗಳ ವಿಮಾನ ನಿಲ್ದಾಣ, ರೈಲು ನಿಲ್ದಾಣದಂಥ ಕಡೆ ಮುತ್ತಿಡುವ ಜೋಡಿಗಳನ್ನು ಗಮನಿಸಿದರು. 2003ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ 124 ಜೋಡಿಗಳಲ್ಲಿ 80 ಜೋಡಿ ತಲೆಯನ್ನು ಬಲಕ್ಕೆ ವಾಲಿಸಿದ್ದವು. ಗರ್ಭದೊಳಗಿನ ಬೆಳಕು ಶಿಶುವಿನ ಮಿದುಳನ್ನು ರೂಪಿಸುತ್ತದೆ ಎಂದು ಇದರಿಂದ ಹೇಳಲಾಗದು. ಹಕ್ಕಿಯ ಚಿಪ್ಪಿಗೂ ತಾಯಿಯ ಒಡಲಿಗೂ ಅಜಗಜಾಂತರ.

ಬೆಳಕು ಒಳ್ಳೆಯದು ಎಂದಮಾತ್ರಕ್ಕೆ ಎಷ್ಟಾದರೂ, ಯಾವಾಗಲಾದರೂ ಒಳ್ಳೆಯದೇ? ಅಮೆರಿಕದಲ್ಲಿ ರಾಬರ್ಟ್ ಲಿಕ್‌ಲೈಟರ್ ಬಾಬ್‌ವೈಟ್ ಎಂಬ ಪುರುಲೆಹಕ್ಕಿಯ ಜಾತಿಯ ಮೇಲೆ ಮಾಡಿದ ಪ್ರಯೋಗಗಳು ಇಲ್ಲಿ ಬಹಳ ಮುಖ್ಯ. ಹಕ್ಕಿಗಳಲ್ಲಿ ಇಂದ್ರಿಯಗಳು ಒಂದು ಕ್ರಮದಲ್ಲಿ ಎಚ್ಚರಾಗುತ್ತವೆ: ಮೊದಲು ಸ್ಪರ್ಶ, ನಂತರ ಕಿವಿ, ಎಲ್ಲಕ್ಕಿಂತ ಕೊನೆಗೆ ಕಣ್ಣು. ಹುಟ್ಟಿದ ಮರುದಿನ ಬಾಬ್‌ವೈಟ್ ಮರಿ ತಾಯಿಯ ಕೂಗನ್ನು ಬರೀ ಕಿವಿಯಿಂದ ಗುರುತಿಸಿ ಅದರತ್ತ ಓಡುತ್ತದೆ. ಕೂಗಿನ ಜೊತೆಗೆ ತಾಯಿಯ ರೂಪವೂ ಬೇಕೆನಿಸುವುದು ಎರಡು ದಿನ ಕಳೆದ ಮೇಲೆ. ಲಿಕ್‌ಲೈಟರ್ ಮೊಟ್ಟೆಯ ತುದಿಯನ್ನು ತೆಗೆದು ಭ್ರೂಣಕ್ಕೆ ಹುಟ್ಟುವ ಮುಂಚೆಯೇ ನೇರ ಬೆಳಕು ತೋರಿಸಿದಾಗ ಈ ಕ್ರಮ ಕದಲಿತು. ಆ ಮರಿಗಳಿಗೆ ಹುಟ್ಟಿದ ಮರುದಿನವೇ ಕೂಗು ಮಾತ್ರ ಸಾಲದಾಯಿತು, ರೂಪವೂ ಬೇಕಾಯಿತು. ಕಣ್ಣು ಅವಸರದಲ್ಲಿ ಎದ್ದು ಕಿವಿಯ ಸರದಿಯನ್ನು ಕಿತ್ತುಕೊಂಡಿತ್ತು. ಚಿಪ್ಪನ್ನು ದಾಟಿ ಬರುವ ಮಬ್ಬು ಬೆಳಕಿಗೂ ಚಿಪ್ಪು ತೆಗೆದು ಸುರಿದ ಬೆಳಕಿಗೂ ಇರುವ ಅಂತರ ಇದು. ಹೊರಜಗತ್ತನ್ನು ಒಳಗೆ ಬಿಡುವಾಗ ಎಷ್ಟು, ಯಾವಾಗ ಎಂದು ಅಳೆದು ಬಿಡುವುದೂ ಚಿಪ್ಪಿನ ಕೆಲಸವೇ.

ಎಲ್ಲ ಹಂಚಿಕೆಗೂ ಬೆಳಕೇ ಮೂಲ ಎಂದೂ ಭಾವಿಸಬಾರದು. ಜೊತೆಗಾರರನ್ನು ಎಡಗಣ್ಣಿನಿಂದ ಗುರುತಿಸುವ ಗುಣ ಕತ್ತಲೆಯ ಮರಿಗಳಲ್ಲೂ ಉಳಿದಿರುತ್ತದೆ. ಬೆಳಕಿನ ಪ್ರಭಾವಕ್ಕೆ ಅಡ್ಡ ಬರುವ ಸಂಗತಿಗಳೂ ಇವೆ. ಒತ್ತಡದ ಹೊತ್ತಿನಲ್ಲಿ ಮೈಯಲ್ಲಿ ಏರುವ ಕಾರ್ಟಿಕೊಸ್ಟೆರೋನ್ ಎಂಬ ಹಾರ್ಮೋನನ್ನು ಮೊಟ್ಟೆಗೆ ಸೇರಿಸಿದಾಗ, ಬೆಳಕು ಕೊಟ್ಟರೂ ನರಹಾದಿಯ ಎಡ–ಬಲ ವ್ಯತ್ಯಾಸ ಎಂದಿನಂತೆ ಮೂಡಲಿಲ್ಲವೆಂದು ರೋಜರ್ಸ್ ಮತ್ತು ಚಾವೊ ಡೆಂಗ್ 2005ರಲ್ಲಿ ವರದಿ ಮಾಡಿದರು. ಇನ್ನೂ ಸೋಜಿಗದ ಸಂಗತಿಯನ್ನು ಇಟಲಿಯ ಚಿಂಜಿಯಾ ಕಿಯಾಂಡೆಟ್ಟಿ, ವಲ್ಲೊರ್ಟಿಗಾರಾ ಮತ್ತು ಸಂಗಡಿಗರು 2013ರಲ್ಲಿ ಮುಂದಿಟ್ಟರು. ಕಾವಿನ ಮೊದಲ ಕೆಲವು ದಿನಗಳಲ್ಲಿ, ಭ್ರೂಣಕ್ಕೆ ಬೆಳಕು ಹಿಡಿಯುವ ಕಣ್ಣೇ ಇನ್ನೂ ಮೂಡದಿರುವಾಗ ತೋರಿಸಿದ ಬೆಳಕೂ ಹುಟ್ಟಿದ ಮೇಲಿನ ನಡವಳಿಕೆಯಲ್ಲಿ ಎಡ–ಬಲ ವ್ಯತ್ಯಾಸ ತಂದಿತು. ನೋಡುವ ಅಂಗವಿಲ್ಲದೆ ಬೆಳಕಿನ ಅನುಭವ! ಕಣ್ಣನ್ನು ಬಳಸದೆ, ನೇರವಾಗಿ ವಂಶವಾಹಿಗಳ ಚಟುವಟಿಕೆಯನ್ನು ತಟ್ಟುವ ಎರಡನೆಯ ದಾರಿಯೊಂದು ಇದೆ ಎಂಬುದು ಅವರ ವಿವರಣೆ. ಮೊಟ್ಟೆಯಲ್ಲಿ ಬಲಕ್ಕೆ ತಿರುಗಿದ ತಲೆಯ ಕಥೆಯಷ್ಟು ಸರಳವಾಗಿ ಇದನ್ನು ಹೇಳಿ ಮುಗಿಸಲು ಬರುವುದಿಲ್ಲ.

ಇಷ್ಟೆಲ್ಲ ಗೊತ್ತಾದ ಮೇಲೆ ಹ್ಯಾಚರಿಗಳ ಕಡೆ ನೋಡದೆ ಇರಲಾಗದು. ಜಗತ್ತಿನಲ್ಲಿ ಇವತ್ತು ಹುಟ್ಟುವ ಕೋಳಿಮರಿಗಳಲ್ಲಿ ಬಹುಪಾಲು ತಾಯಿಯ ಕೆಳಗೆ ಹುಟ್ಟುವುದಿಲ್ಲ. ಸಾವಿರಾರು ಮೊಟ್ಟೆ ಹಿಡಿಯುವ ಯಂತ್ರಗಳಲ್ಲಿ ಶಾಖ, ತೇವ, ಗಾಳಿ, ಮೊಟ್ಟೆ ತಿರುಗಿಸುವ ಅವಧಿ ಎಲ್ಲವೂ ಅಚ್ಚುಕಟ್ಟಾಗಿ ಲೆಕ್ಕ ಹಾಕಿದ್ದೇ. ಹೇಂಟೆ ಕೊಡುವುದನ್ನೆಲ್ಲ ಯಂತ್ರವೂ ಕೊಡುತ್ತದೆ, ಬೆಳಕೊಂದನ್ನು ಬಿಟ್ಟು. ಬಾಗಿಲು ಮುಚ್ಚಿದ ಮೇಲೆ ಒಳಗೆ ಕತ್ತಲು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರದಂಥ ತಳಿಗಳ ಮರಿಗಳನ್ನು ಹಳ್ಳಿಯವರು ಹಿತ್ತಲಲ್ಲಿ ಬಿಟ್ಟು ಮೇಯಿಸಲೆಂದೇ ಕೊಳ್ಳುತ್ತಾರೆ. ಯಂತ್ರದಲ್ಲಿ ಹುಟ್ಟಿ ಹಿತ್ತಲಿಗೆ ಬಂದ ಮರಿಗೆ ಕಾಗೆ, ಹದ್ದು, ಮುಂಗುಸಿಗಳ ಮೇಲೆ ಕಣ್ಣಿಟ್ಟುಕೊಂಡೇ ಕೆದಕಿ ತಿನ್ನಬೇಕಾದ ಪಾಡು. 2004ರ ಆ ಹದ್ದಿನ ಆಕೃತಿಯ ಪ್ರಯೋಗ ಪ್ರಯೋಗಾಲಯದಿಂದ ಹೊರಬಂದು ನೇರವಾಗಿ ತಟ್ಟುವುದು ಇಂಥ ಮರಿಗಳ ಬದುಕಿಗೆ. ಷೆಡ್ಡಿನೊಳಗೇ ಬೆಳೆದು ವಾರಗಳಲ್ಲಿ ಮಾರಾಟವಾಗುವ ಬ್ರಾಯ್ಲರಿಗಿಂತ ಹಿತ್ತಲ ಕೋಳಿಗೆ ಈ ಬೆಳಕು ಹೆಚ್ಚು ಬೇಕು ಎಂದು ಯೋಚಿಸಲು ಕಾರಣವಿದೆ.

ಆದರೂ ಹ್ಯಾಚರಿಗಳ ಬೆಳಕಿನ ಬಗ್ಗೆ ಗಟ್ಟಿಯಾದ ಕೆಲಸ ನಡೆದಿರುವುದು ಬ್ರಾಯ್ಲರ್ ಮತ್ತು ಮೊಟ್ಟೆಕೋಳಿಗಳ ಮೇಲೆಯೇ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಜಾಯ್ ಮೆಂಚ್ ಅವರ ಜೊತೆಗೂ, ಆಮೇಲೆ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲೂ ಗ್ರೆಗೊರಿ ಆರ್ಚರ್ ಕಾವಿನ ಅವಧಿಯಲ್ಲಿ ಬೆಳಕು ಕಂಡ ಕೋಳಿಗಳನ್ನು ಕತ್ತಲೆಯವುಗಳೊಂದಿಗೆ ಹೋಲಿಸಿದರು. ಬೆಳಕು ಕಂಡವುಗಳಲ್ಲಿ ಅಂಜಿಕೆ ಕಡಿಮೆ, ಒತ್ತಡಕ್ಕೆ ತಲ್ಲಣಿಸುವುದೂ ಕಡಿಮೆ. ಹಿಡಿದು ಅಂಗಾತ ಮಲಗಿಸಿದರೆ ಕೋಳಿ ಭಯದಿಂದ ಮರಗಟ್ಟಿದಂತೆ ಬಿದ್ದಿರುತ್ತದೆ. ಎಷ್ಟು ಹೊತ್ತು ಹಾಗೆ ಬಿದ್ದಿರುತ್ತದೆ ಎಂಬುದು ಅದರ ಅಂಜಿಕೆಯ ಒಂದು ಅಳತೆ. ಇಕ್ಕಟ್ಟಿನ ಷೆಡ್ಡಿನಲ್ಲಿ ಒಂದು ಕೋಳಿ ಬೆದರಿದರೆ ನೂರು ಬೆದರುತ್ತವೆ, ಒಂದರ ಮೇಲೊಂದು ಬಿದ್ದು ಸಾಯುವುದೂ ಉಂಟು. ಹಾಗಾಗಿ ಅಂಜಿಕೆ ತಗ್ಗಿದರೆ ಅದು ಕೋಳಿಗೂ ಒಳ್ಳೆಯದು, ಸಾಕುವವರಿಗೂ.

ಯಂತ್ರದೊಳಗೆ ದೀಪ ಹಾಕಿಬಿಟ್ಟರೆ ಆಯಿತಲ್ಲ ಎನ್ನುವುದು ಸುಲಭ, ಮಾಡುವುದು ಅಷ್ಟು ಸುಲಭವಲ್ಲ. ಕಾವಿನ ಶಾಖದಲ್ಲಿ ಅರ್ಧ ಡಿಗ್ರಿಯ ಏರುಪೇರೂ ಮೊಟ್ಟೆಗೆ ಮುಖ್ಯ. ಹಳೆಯ ಬಲ್ಬುಗಳು ಬೆಳಕಿನ ಜೊತೆಗೆ ಬಿಸಿಯನ್ನೂ ಸುರಿಯುತ್ತಿದ್ದವು. ಎಲ್‌ಇಡಿ ಬಂದ ಮೇಲೆ ಆ ತೊಡಕು ಬಹುಪಾಲು ನೀಗಿದೆ. ಉಳಿದ ತೊಡಕು ಜಾಗದ್ದು. ತಟ್ಟೆಗಳನ್ನು ಒಂದರ ಮೇಲೊಂದು ಒತ್ತಾಗಿ ಜೋಡಿಸುವುದರಿಂದ ಅಂಚಿನ ಮೊಟ್ಟೆಗೆ ಸಿಕ್ಕಷ್ಟು ಬೆಳಕು ನಡುವಿನ ಮೊಟ್ಟೆಗೆ ಸಿಗುವುದಿಲ್ಲ. ಚಿಪ್ಪಿನ ಬಣ್ಣವೂ ಲೆಕ್ಕಕ್ಕೆ ಬರುತ್ತದೆ: ಕಂದು ಚಿಪ್ಪು ಬಿಳಿಯ ಚಿಪ್ಪಿಗಿಂತ ಕಡಿಮೆ ಬೆಳಕನ್ನು ಒಳಗೆ ಬಿಡುತ್ತದೆ, ಅದರಲ್ಲೂ ನೀಲಿಯ ಕಡೆಯ ಬೆಳಕನ್ನು ಹೆಚ್ಚಾಗಿ ತಡೆದು ಕೆಂಪನ್ನು ಬಿಡುತ್ತದೆ. ಆರ್ಚರ್ ಬಿಳಿ ಎಲ್‌ಇಡಿ, ಕೆಂಪು ಎಲ್‌ಇಡಿ ಎರಡನ್ನೂ ಬೇರೆ ಬೇರೆಯಾಗಿ ಇಟ್ಟು ಹೋಲಿಸಿದ್ದು ಇದೇ ಕಾರಣಕ್ಕೆ. ಕಾವಿನುದ್ದಕ್ಕೂ ದಿನಕ್ಕೆ 12 ಗಂಟೆ ಬೆಳಕು, 12 ಗಂಟೆ ಕತ್ತಲು ಎಂಬುದು ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಅನುಸರಿಸುವ ಕ್ರಮ. ಬಲಗಣ್ಣಿನ ಹಾದಿಯನ್ನು ಬಲಪಡಿಸಲು ಅಷ್ಟೆಲ್ಲ ಬೇಕಿಲ್ಲ. ಮರಿ ಹೊರಬರಲು ಮೂರು ದಿನ ಇರುವಾಗ ಮೊಟ್ಟೆಗಳನ್ನು ಕಾವಿನ ತಟ್ಟೆಯಿಂದ ತೆಗೆದು ಮರಿ ಮಾಡಿಸುವ ಪೆಟ್ಟಿಗೆಗೆ ಹೇಗೂ ಸಾಗಿಸುತ್ತಾರೆ. ಮೊಟ್ಟೆಗಳು ಆ ಪೆಟ್ಟಿಗೆಗಳಲ್ಲಿ ಅಲುಗಾಡದೆ ಹರಡಿಕೊಂಡಿರುವ ಹದಿನೆಂಟರಿಂದ ಇಪ್ಪತ್ತನೆಯ ದಿನದ ನಡುವೆ ಒಂದು ಸಾಲು ಎಲ್‌ಇಡಿಯನ್ನು ಕೆಲವು ಗಂಟೆ ಉರಿಸಿದರೆ, ರೋಜರ್ಸ್ ಅವರ ಪ್ರಯೋಗಾಲಯದ ಮೊಟ್ಟೆಗಳಿಗೆ ಸಿಕ್ಕಷ್ಟೇ ಬೆಳಕು ಆ ಮರಿಗಳ ಬಲಗಣ್ಣಿಗೂ ಸಿಗುತ್ತದೆ.